ಮೂಗು ಹಿಡಿದು ಒಂದು ಲೋಟ ನೀರು

ನಡುರಾತ್ರಿ ತೊಟ್ಟಿಲಿನಿಂದ ಸೊರ್ ಸೊರ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಸೊಸೆ ಎದ್ದು ಮಗುವನ್ನು ಎದೆಗೆ ಹಚ್ಚಿಕೊಂಡಳು. ಇದು ಅವಳ ಚೊಚ್ಚಲ ಮಗು. ಅದು ಆತುರದಿಂದ ಬಾಯಿ ಹಾಕಿ ಎರಡು ಗುಟುಕು ಎಳೆಯಿತು. ಆಮೇಲೆ ಎದೆ ಬಿಟ್ಟು ಮುಖ ಕೆಂಪಗೆ ಮಾಡಿಕೊಂಡು ಕಿರುಚಿತು. ಮತ್ತೆ ಹಚ್ಚಿದಳು. ಮತ್ತೆ ಅದೇ.

ಅತ್ತೆ ದೀಪ ಹಾಕಿದರು. "ಬಲವಂತ ಮಾಡಬೇಡ. ಅದಕ್ಕೆ ನಿನ್ನ ಹಾಲು ಒಗ್ತಾ ಇಲ್ಲ."

"ನಿನ್ನೆವರೆಗೂ ಒಗ್ತಿತ್ತಲ್ಲ ಅತ್ತೆ?"

"ನನಗೇ ಪಾಠ ಹೇಳ್ತೀಯಾ? ನನ್ನ ಮೊದಲ ಮಗಳೂ ಹೀಗೇ ಎದೆ ಬಿಟ್ಟಳು. ನನ್ನ ಹಾಲೇ ಸರಿಯಿಲ್ಲ ಅಂದ್ರು ನಮ್ಮತ್ತೆ. ಇವತ್ತಿಗೂ ಆ ಮಾತು ಹೊತ್ಕೊಂಡಿದೀನಿ. ಬೆಳಗಾಗಲಿ, ಬಾಟಲಿ ತರಿಸ್ತೀನಿ."

ಆ ಮಗಳು ಉಳಿಯಲಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೊಸೆಯ ಎದೆ ಹಾಲು ಕಟ್ಟಿ ಕಲ್ಲಾಗಿತ್ತು, ರವಿಕೆ ಒದ್ದೆಯಾಗಿತ್ತು.

ಗಂಡ ಹಾಸಿಗೆ ಹೊಲಿಯುವವನು. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜಿದರೆ ಅದರ ಧೂಳು ತೊಟ್ಟಿಲಿನವರೆಗೂ ಬರುತ್ತದೆ. ಬೆಳಿಗ್ಗೆ ಬಾಟಲಿಗೆಂದು ಹೋದವನು ನರ್ಸಮ್ಮನನ್ನು ಕರೆತಂದ.

"ಬಾಟಲಿ ಎಲ್ಲೋ?"

"ಮೊದಲು ಇವರು ನೋಡಲಿ ಇರಮ್ಮ."

ನರ್ಸಮ್ಮ ಮಗುವಿನ ಅಂಗಿ ಎತ್ತಿ ಎದೆ ಏರಿಳಿಯುವುದನ್ನು ಗಮನಿಸಿದರು. "ಜ್ವರ ಇಲ್ಲ, ಎದೆ ಸರಿಯಾಗಿದೆ. ಮೂಗು ಕಟ್ಟಿದೆ ಅಷ್ಟೇ. ಹಾಲಿಗೇನೂ ಆಗಿಲ್ಲ."

"ಮೂಗಿಗೂ ಹಾಲಿಗೂ ಎಲ್ಲಿಯ ನೆಂಟಸ್ತನ?" ಅತ್ತೆ ಮೂತಿ ತಿರುವಿದರು.

ನರ್ಸಮ್ಮ ಒಂದು ಲೋಟ ನೀರು ಅವರ ಕೈಗಿತ್ತರು. "ಮೂಗು ಹಿಡ್ಕೊಳ್ಳಿ. ಲೋಟ ಬಾಯಿಂದ ತೆಗೀದೆ ಕುಡೀರಿ, ನೋಡೋಣ."

ಮೂರನೇ ಗುಟುಕಿಗೇ ಅತ್ತೆ ಲೋಟ ತೆಗೆದು ಏದುಸಿರು ಬಿಟ್ಟರು. ಸೀರೆಯ ಮೇಲೆಲ್ಲ ನೀರು.

"ಯಾಕಮ್ಮ, ನೀರು ಒಗ್ಗಲಿಲ್ವಾ?" ಮಗ ನಕ್ಕ.

ಅತ್ತೆ ನಗಲಿಲ್ಲ.

"ಇದು ಉಪ್ಪುನೀರಿನ ಹನಿ, ಔಷಧಿ ಅಂಗಡೀಲಿ ಸಿಗುತ್ತೆ," ಎಂದು ನರ್ಸಮ್ಮ ಪುಟ್ಟ ಶೀಶೆಯೊಂದನ್ನು ಸೊಸೆಗೆ ಕೊಟ್ಟರು. "ಹಾಲು ಕೊಡೋ ಮುಂಚೆ ಎರಡೂ ಹೊಳ್ಳೆಗೆ ಒಂದೊಂದು ಹನಿ ಹಾಕಿ, ಹೊರಗೆ ಬಂದಿದ್ದನ್ನ ಮೆತ್ತಗೆ ಒರೆಸು. ಮೂಗಿಗೆ ಎಣ್ಣೆ ಮಾತ್ರ ಬಿಡಬೇಡಿ. ತಲೆ ಎತ್ತರಕ್ಕೆ ಹಿಡಿದು ಸ್ವಲ್ಪಸ್ವಲ್ಪವೇ, ಪದೇಪದೇ ಕೊಡು. ಉಸಿರಿಗೆ ಅಂತ ಬಿಟ್ಟರೆ ಬಿಡಲಿ, ತಾನೇ ಬರುತ್ತೆ. ಆಗಲೂ ಕುಡೀದಿದ್ರೆ ಹಾಲು ಹಿಂಡಿ ಶುಚಿಯಾದ ಚಮಚದಲ್ಲಿ ಕುಡಿಸು. ನೀನು ಕೇಳಪ್ಪಾ, ಹತ್ತಿ ಕೆಲಸ ಹೊರಗೆ ಇಟ್ಕೋ."

ಹನಿ ಹಾಕಿ ಒರೆಸಿದ ಮೇಲೆ ಮಗು ಎದೆ ಹಿಡಿಯಿತು. ನಡುನಡುವೆ ಬಿಟ್ಟಿತು, ಉಸಿರೆಳೆದುಕೊಂಡಿತು, ಮತ್ತೆ ಕುಡಿಯಿತು.

ಇದನ್ನು ಓದುತ್ತಿರುವ ತಾಯಂದಿರೇ, ಅತ್ತೆಯರೇ, ಗಂಡಂದಿರೇ, ಮಗು ಎದೆ ಬಿಟ್ಟರೆ ಹಾಲನ್ನು ದೂರುವ ಮೊದಲು ಅದರ ಮೂಗು ನೋಡಿ. ಉಸಿರಾಟ ವೇಗವಾಗಿದ್ದರೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ, ಜ್ವರವಿದ್ದರೆ, ಕುಡಿಯಲಾರದೆ ಮಂಕಾದರೆ, ಉಚ್ಚೆ ಕಡಿಮೆಯಾದರೆ ಯಾರ ಮಾತಿಗೂ ಕಾಯದೆ ಆಸ್ಪತ್ರೆಗೆ ಹೋಗಿ. ಬಾಣಂತಿಯ ಮೇಲೆ ಒಂದು ಮಾತು ಹೊರಿಸಬೇಕೆನಿಸಿದರೆ, ಮೊದಲು ನಿಮ್ಮ ಮೂಗು ಹಿಡಿದು ನೀರು ಕುಡಿದು ನೋಡಿ.

ಸಂಜೆ ಅತ್ತೆ ಹಿತ್ತಲಿನ ಕಟ್ಟೆಯ ಮೇಲೆ ಅದೇ ಲೋಟ ಹಿಡಿದು ಕೂತಿದ್ದರು. ಮೊದಲ ಮಗಳ ಉಸಿರೂ ಸೊರ್ ಸೊರ್ ಎನ್ನುತ್ತಿತ್ತು. ಹಾಲು ಧಾರಾಳವಾಗಿತ್ತು. ತಮ್ಮತ್ತೆಯ ಮಾತು ನಂಬಿ ಅದನ್ನು ಅವರು ಬಚ್ಚಲಿಗೆ ಹಿಂಡಿ ಚೆಲ್ಲಿದ್ದರು.

"ಯಾಕತ್ತೆ, ಕಣ್ಣೆಲ್ಲ ಕೆಂಪಗಾಗಿದೆ?" ಸೊಸೆ ಕೇಳಿದಳು.

"ಏನಿಲ್ಲ ಕಣೆ. ಬೆಳಿಗ್ಗೆ ನೀರು ನೆತ್ತಿಗೇರಿತಲ್ಲ."

ಆ ಮಗುವಿನ ಮೂಗೂ ಕಟ್ಟಿತ್ತೆಂಬುದನ್ನು ಯಾರಿಗೂ ಹೇಳಬಾರದೆಂದು ಅವರು ಆಗಲೇ ತೀರ್ಮಾನಿಸಿದ್ದರು.