ಕೀಲಿಕೈಗೆ ಬದಲಾಗಿ ನಾನು

ನಾನು ಒಂದು ಟ್ಯಾಬು. ಸಣ್ಣ ಮಕ್ಕಳ ಪಾಟಿಯಷ್ಟು ಅಗಲ, ಅದಕ್ಕಿಂತ ತೆಳು, ಮೈಬಣ್ಣ ಕಪ್ಪು. ಸಿಟ್ಟು ನನಗೆ ಬೇಗ ಬರುತ್ತದೆ. ಕೆಲಸ ಹೆಚ್ಚಾದರೆ ಬೆನ್ನು ಕಾಯುತ್ತದೆ. ಈಗ ಒಂದು ಹೈಸ್ಕೂಲಿನ ಲೈಬ್ರರಿಯಲ್ಲಿ, ಗಾಜಿನ ಬಾಗಿಲಿನ ಕಪಾಟಿನೊಳಗೆ ಕುಳಿತಿದ್ದೇನೆ. ಬಾಗಿಲಿಗೆ ಕೀಲಿ ಬಿದ್ದಿದೆ. ನಾನೇನೂ ಕೆಟ್ಟಿಲ್ಲ, ಒಡೆದಿಲ್ಲ. ಹಾಗಾದರೆ ಇಲ್ಲಿಗೆ ಯಾಕೆ ಬಂದೆ ಎಂದರೆ, ಕೇಳಿ.

ಹುಟ್ಟಿದ್ದು ದೊಡ್ಡದೊಂದು ಕಾರ್ಖಾನೆಯಲ್ಲಿ. ನನ್ನಂಥವರು ಒಬ್ಬರ ಹಿಂದೊಬ್ಬರು ರಬ್ಬರಿನ ಪಟ್ಟಿಯ ಮೇಲೆ ಸರಿದು ಬರುತ್ತಿದ್ದೆವು. ಬಿಳಿ ಟೊಪ್ಪಿಗೆಯ ಹುಡುಗಿಯೊಬ್ಬಳು ನನಗೆ ಕಣ್ಣು ಕೂಡಿಸಿದಳು, ಅಂದರೆ ಕ್ಯಾಮೆರಾ. ಕಣ್ಣು ಬಂದ ಮೇಲೆ ನಾನು ಮೊದಲು ನೋಡಿದ್ದು ಅವಳ ಆಕಳಿಕೆಯನ್ನು. ಅದು ಮುಗಿಯುವಷ್ಟರಲ್ಲಿ ನನ್ನನ್ನು ಡಬ್ಬಿಗೆ ಒತ್ತಿ ಮುಚ್ಚಳ ಹಾಕಿದರು. ಹುಟ್ಟಿದ್ದೇ ತಡ, ಕತ್ತಲೆ. ನನ್ನ ಹಣೆಬರಹ ಏನೆಂದು ಅವತ್ತೇ ತಿಳಿದುಕೊಳ್ಳಬೇಕಿತ್ತು.

ಡಬ್ಬಿ ತೆರೆದವರು ಈ ಊರಿನ ಸೀರೆ ವ್ಯಾಪಾರಿ ತುಳಸೀಸಾ ಬಾಕಳೆ. ಇದು ಮಗ್ಗಗಳ ಊರು. ಸೀರೆಯ ಸೆರಗು, ದಡಿ, ಒಡಲು ಎಲ್ಲ ಬಿಡಿಸಿ ಹಾಸಿ ಅವರು ನನ್ನಿಂದ ಫೋಟೋ ತೆಗೆಸುತ್ತಿದ್ದರು, ಪರ ಊರಿನ ಗಿರಾಕಿಗಳಿಗೆ ಕಳಿಸುತ್ತಿದ್ದರು. ಮನೆಗೆ ಬಂದ ಸೀರೆಯ ಬಣ್ಣ ಬೇರೆ ಎಂದು ಯಾರಾದರೂ ಜಗಳ ತೆಗೆದರೆ, "ನಂದೇನಿಲ್ಲವ್ವ, ಈ ಟ್ಯಾಬಿನ ಕಣ್ಣ ಸರಿ ಇಲ್ಲ" ಅನ್ನುತ್ತಿದ್ದರು. ನನ್ನ ಕಣ್ಣು ಚೆನ್ನಾಗಿಯೇ ಇತ್ತು. ಅವರ ಅಂಗಡಿಯ ಟ್ಯೂಬ್‌ಲೈಟು ಕಳ್ಳ. ಹೇಳೋಣವೆಂದರೆ ನನಗೆ ಬಾಯಿ ಕೊಟ್ಟವರಾರು?

ಅವರು ನನಗಿಂತ ದೊಡ್ಡದನ್ನು ಕೊಂಡ ಮೇಲೆ ನನ್ನನ್ನು ತಾವು ಕಲಿತ ಹೈಸ್ಕೂಲಿಗೆ, ತಾಯಿಯ ಹೆಸರಿನಲ್ಲಿ ದಾನ ಕೊಟ್ಟರು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ ವೇದಿಕೆಯ ಮೇಲೆ ನನ್ನನ್ನಿಟ್ಟು ಹಾರ ಹಾಕಿ, ಕುಂಕುಮ ಹಚ್ಚಿದರು. ಹಚ್ಚಿದ್ದು ಸರಿಯಾಗಿ ಕಣ್ಣಿಗೇ. ಭಾಷಣಗಳೆಲ್ಲ ನನಗೆ ಕೆಂಪಾಗಿ ಕಂಡವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಹೆಡ್ಮಾಸ್ತರರು ನನ್ನನ್ನು ತಮ್ಮ ಮೇಜಿನ ಖಾನೆಗೆ ಹಾಕಿ ಕೀಲಿ ಹಾಕಿದರು.

ಹೆಡ್ಮಾಸ್ತರರ ಹೆಸರು ವೀರಭದ್ರಪ್ಪ ಕಡಗದ. ಕೆಟ್ಟ ಮನುಷ್ಯರಲ್ಲ, ಹೆದರಿಕೆಯ ಮನುಷ್ಯ. "ಹಾಳಾದ್ರ ಯಾರ ಜವಾಬ್ದಾರಿ?" ಎನ್ನುವುದೊಂದೇ ಅವರ ಮಂತ್ರ. ಆ ಶಾಲೆಯಲ್ಲಿ ಚೆನ್ನಾಗಿದ್ದದ್ದೆಲ್ಲ ಕೀಲಿಯೊಳಗೆ. ಫುಟ್‌ಬಾಲಿಗೆ ಗಾಳಿ ತುಂಬಿದವರಿಲ್ಲ. ಸೂಕ್ಷ್ಮದರ್ಶಕವನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಹೆಣದ ಹಾಗೆ. ಲೈಬ್ರರಿಯ ಪುಸ್ತಕಗಳು ಗಾಜಿನ ಕಪಾಟುಗಳಲ್ಲಿ ಸಾಲಾಗಿ ನಿಂತು ಹೊರಗೆ ನೋಡುತ್ತಿದ್ದವು. ಇಷ್ಟೆಲ್ಲದರ ಕೀಲಿಕೈಗಳನ್ನು ಗೊಂಚಲು ಮಾಡಿ ಅವರು ತಮ್ಮ ಸೊಂಟದ ಉಡದಾರಕ್ಕೆ ಕಟ್ಟಿಕೊಂಡಿದ್ದರು. ನಡೆದರೆ ಗಂಟೆ ಕಟ್ಟಿದ ಎತ್ತಿನ ಸದ್ದು. "ನನ್ನ ಸರ್ವಿಸಿನ್ಯಾಗ ಒಂದು ಪುಸ್ತಕ ಕಳದಿಲ್ಲ" ಎಂದು ಹೆಮ್ಮೆಪಡುತ್ತಿದ್ದರು. ಕಳೆಯಬೇಕಾದರೆ ಯಾರಾದರೂ ಮುಟ್ಟಬೇಕಲ್ಲ.

ಖಾನೆಯೊಳಗೆ ನಾನು ಎಷ್ಟು ದಿನ ಬಿದ್ದಿದ್ದೆನೋ. ಕೊನೆಗೆ ಮೇಲಿನ ಕಚೇರಿಯಿಂದ ಆದೇಶ ಬಂತು. ಲೈಬ್ರರಿಯ ಚಟುವಟಿಕೆಯ ಫೋಟೋ ವಾರ ವಾರ ಕಳಿಸಬೇಕು. ಹೆಡ್ಮಾಸ್ತರರು ನನ್ನನ್ನು ತೆಗೆದು ಲೈಬ್ರರಿಯನ್ ನೀಲಾಂಬಿಕಾ ಹೂಗಾರರ ಕೈಗೆ ಕೊಟ್ಟರು.

"ಫೋಟೋ ಬೇಕಾದ್ರ ಮಕ್ಕಳು ಓದಬೇಕ್ರಿ ಸರ್. ಕೀಲಿ ಕೊಡ್ರಿ, ಪುಸ್ತಕ ತಗಿತೀನಿ" ಅಂದರು ಅವರು.

"ಫೋಟೋಕ್ಕ ಕೀಲಿ ಯಾಕ್ರಿ ಮೇಡಂ? ಗಾಜಿನ್ಯಾಗಿಂದ ಎಲ್ಲಾ ಕಾಣ್ತಾವಲ್ಲ."

ಆ ಮಾತು ಆಡಿದವರು ಅವರೇ. ಇದನ್ನು ನೆನಪಿಟ್ಟುಕೊಳ್ಳಿ.

ನೀಲಾಂಬಿಕಾ ಹೂ ಕಟ್ಟುವ ಮನೆಯ ಮಗಳು. ಮಾಲೆ ಕಟ್ಟಿ ಕಟ್ಟಿ ಬೆರಳ ತುದಿ ಜಡ್ಡುಗಟ್ಟಿತ್ತು. ಒತ್ತಿದರೆ ನನಗೆ ತಿಳಿಯುತ್ತಲೇ ಇರಲಿಲ್ಲ. "ಯಾಕ, ಮಾತ ಕೇಳಂಗಿಲ್ಲೇನ ನೀ?" ಎಂದು ಬೈದು, ಬೆರಳಿಗೆ ನೀರು ಹಚ್ಚಿ ಮತ್ತೆ ಒತ್ತುತ್ತಿದ್ದರು. ಮೊದಲು ತೆಗೆದ ಫೋಟೋಗಳಲ್ಲಿ ಪುಸ್ತಕಕ್ಕಿಂತ ಅವರ ಹೆಬ್ಬೆರಳೇ ಹೆಚ್ಚು. ಅವನ್ನೇ ಕಚೇರಿಗೆ ಕಳಿಸಿಬಿಟ್ಟರು. ಅಲ್ಲಿಂದ "ಉತ್ತಮ ಚಟುವಟಿಕೆ, ಅಭಿನಂದನೆಗಳು" ಎಂದು ಉತ್ತರ ಬಂತು. ಆ ಮಧ್ಯಾಹ್ನ ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಜೋರಾಗಿ ನಗುವಂತಿರಲಿಲ್ಲ. ಯಾಕೆಂದರೆ ಅದೇ ಕೋಣೆಯ ಓದುವ ಬೆಂಚಿನ ಮೇಲೆ ಹೆಡ್ಮಾಸ್ತರರು ಮಲಗಿದ್ದರು.

ಇದು ಅಲ್ಲಿಯ ದಿನಚರಿ. ಶಾಲೆಯಲ್ಲಿ ಸರಿಯಾಗಿ ತಿರುಗುವ ಫ್ಯಾನು ಲೈಬ್ರರಿಯದೊಂದೇ. ಊಟವಾದ ಮೇಲೆ ಅವರು ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಬನಿಯನ್ ಎದೆಗೆ ಏರಿಸಿ, ಅಂಗಾತ ಮಲಗುತ್ತಿದ್ದರು. ಆ ಹೊತ್ತಿಗೆ ಮಕ್ಕಳಿಗೆ ಪ್ರವೇಶವಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ನೀಲಾಂಬಿಕಾ ಕಾವಲು. ಲೈಬ್ರರಿಯನ್ ಎಂದು ಸೇರಿದ ಹೆಣ್ಣುಮಗಳು ಒಬ್ಬರ ನಿದ್ದೆ ಕಾಯುತ್ತ ನಡುವಯಸ್ಸಿಗೆ ಬಂದಿದ್ದರು. ಪುಸ್ತಕಗಳು ಒಳಗೆ ಬಂದಿ. ಇವರು ಹೊರಗೆ ಬಂದಿ. ವ್ಯತ್ಯಾಸ ಗಾಜಿನಷ್ಟೇ.

ಬೆರಳಿಗೆ ಅಭ್ಯಾಸವಾದ ಹಾಗೆ ಅವರಿಗೆ ನನ್ನ ರುಚಿ ಹತ್ತಿತು. ಬೇರೆ ಊರಿನ ಶಾಲೆಯಲ್ಲಿ ಲೈಬ್ರರಿಯನ್ ಆಗಿದ್ದ ಗೆಳತಿ ಕಸ್ತೂರಿಗೆ ಒಂದು ದಿನ ವಿಡಿಯೋ ಕಾಲ್ ಮಾಡಿದರು. ಕಸ್ತೂರಿ ತಮ್ಮ ಫೋನು ತಿರುಗಿಸಿ ಕೋಣೆಯನ್ನೆಲ್ಲ ತೋರಿಸಿದರು. ಬಾಗಿಲಿಲ್ಲದ ಕಪಾಟುಗಳು, ನೆಲದ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ ಓದುವ ಮಕ್ಕಳು.

"ಪುಸ್ತಕ ಹರಿಯಂಗಿಲ್ಲೇನ?" ಎಂದು ನೀಲಾಂಬಿಕಾ ಪಿಸುದನಿಯಲ್ಲಿ ಕೇಳಿದರು.

"ಹರಿತಾವ. ಅಂಟ ಹಚ್ತೀವಿ. ನೀ ಯಾಕ ಸಣ್ಣ ದನಿ ತಗದು ಮಾತಾಡಾಕತ್ತಿ? ಮನ್ಯಾಗ ಕೂಸು ಮಲಗೇತೇನ?"

"ಹೂಂ," ಅಂದರು ನೀಲಾಂಬಿಕಾ, ಬೆಂಚಿನ ಕಡೆ ನೋಡಿ. "ದೊಡ್ಡ ಕೂಸು."

ಕಾಲ್ ಮುಗಿದ ಮೇಲೆ ಎದ್ದು ಗಾಜಿನ ಕಪಾಟುಗಳ ಮುಂದೆ ಒಂದು ಸುತ್ತು ನಡೆದರು. ಆಮೇಲೆ ಪಾಲಕರದೊಂದು ಗ್ರೂಪ್ ಮಾಡಿದರು. ದಿನಕ್ಕೊಂದು ಕಪಾಟಿನಂತೆ, ಗಾಜಿನ ಹಿಂದಿನ ಪುಸ್ತಕಗಳ ಫೋಟೋ ತೆಗೆದು ಹಾಕತೊಡಗಿದರು. "ನಮ್ಮ ಲೈಬ್ರರಿಯಲ್ಲಿ ಇವೆಲ್ಲ ಇವೆ" ಎಂದು ಕೆಳಗೆ ಒಂದು ಮಾತು. ಇದೆ ಎಂದಷ್ಟೇ ಬರೆದರು. ಕೊಡುತ್ತೇವೆ ಎಂದು ಬರೆಯುವ ಅಧಿಕಾರ ಅವರಿಗಿರಲಿಲ್ಲ.

ಊರು ಬೆರಗಾಯಿತು. ಶಾಲೆಯಲ್ಲಿ ಇಷ್ಟು ಪುಸ್ತಕಗಳಿವೆಯೆಂದು ಅಲ್ಲೇ ಕಲಿತವರಿಗೂ ಗೊತ್ತಿರಲಿಲ್ಲ. ಮಗ್ಗದ ಓಣಿಯ ರೇಷ್ಮಾಬಿಯ ದನಿ ನನ್ನೊಳಗೆ ಬಂತು, ಹಿಂದೆ ಮಗ್ಗದ ಖಟಖಟ. "ಅಕ್ಕೋರ, ಎರಡನೇ ಕಪಾಟಿನ್ಯಾಗ ನಕ್ಷತ್ರದ ಪುಸ್ತಕ ಐತಲ್ರಿ, ನಮ್ಮ ಶಬಾನಾ ಅದ ಬೇಕಂತ ಗಂಟು ಬಿದ್ದಾಳ. ಒಂದೆರಡು ದಿನ ಕೊಡ್ತೀರೇನ್ರಿ? ನೂಲಿನಂಗ ಜ್ವಾಕಿ ಮಾಡ್ತೀವಿ."

ನೀಲಾಂಬಿಕಾ ಆ ದನಿಯನ್ನು ಮತ್ತೆ ಮತ್ತೆ ಕೇಳಿದರು. ಎದ್ದು ಹೋಗಿ ಹೆಡ್ಮಾಸ್ತರರ ಮುಂದೆ ನಿಂತರು. ಒಂದೇ ಒಂದು ಕಪಾಟಿನ ಕೀಲಿ ಸಾಕು ಅಂದರು.

"ಇವತ್ತ ನಕ್ಷತ್ರ ಅಂತಾರ, ನಾಳೆ ಸೂರ್ಯ ಅಂತಾರ. ಕಳದ್ರ ನಿಮ್ಮ ತಲಿಗೆ ಬರತೈತಿ, ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ."

ರೇಷ್ಮಾಬಿಗೆ ಉತ್ತರವಾಗಿ ನೀಲಾಂಬಿಕಾ ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು, ಅಳಿಸಿದರು. ಆ ದಿನ ನನ್ನ ಬೆನ್ನು ಕಾದದ್ದು ಕೆಲಸ ಹೆಚ್ಚಾಗಿ ಅಲ್ಲ.

ಮರುದಿನ ಮೂರನೆಯ ಕಪಾಟಿನ ಸರದಿ. ಊಟ ಮುಗಿದ ಹೊತ್ತು, ಕಿಟಕಿಯ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು. ನೀಲಾಂಬಿಕಾ ನನ್ನನ್ನು ಗಾಜಿನೆದುರು ಹಿಡಿದು, ಹೆಸರುಗಳು ಸ್ಪಷ್ಟ ಕಾಣುತ್ತಿವೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, ಒತ್ತಿದರು. ಗ್ರೂಪಿಗೆ ಕಳಿಸಿದರು. ನಾನು ಎಲ್ಲವನ್ನೂ ನೋಡುವವನು. ಅವರು ಪುಸ್ತಕದ ಹೆಸರನ್ನಷ್ಟೇ ನೋಡಿದರು.

ಮೊದಲು ಬಂದದ್ದು ರೇಷ್ಮಾಬಿಯ ಮಾತು. "ಅಕ್ಕೋರ, ಗಾಜಿನ್ಯಾಗ ಯಾರೋ ಮಲಗ್ಯಾರಲ್ರಿ."

"ಯಾರೋ ಅಲ್ಲವಾ, ಎಚ್ಚೆಮ್ ಸರ್."

"ಮಾರಿ ಕಾಣವಲ್ದು, ಹೆಂಗ ಹೇಳ್ತಿ?"

"ಆ ಹೊಟ್ಟಿ ಊರಾಗ ಮತ್ಯಾರಿಗೈತಿ?"

"ಹೊಟ್ಟಿ ಮ್ಯಾಲೆ ಏನೋ ಮಿಂಚಾಕತ್ತೈತಿ."

"ಕೀಲಿಕೈ ಗೊಂಚಲ. ದೊಡ್ಡದ ಮಾಡಿ ನೋಡ್ರಿ."

"ಪುಸ್ತಕ ಯಾಕ ಸಿಗವಲ್ದು ಅಂತ ಈಗ ತಿಳೀತು ಬಿಡ್ರಿ."

ನೀಲಾಂಬಿಕಾ ಅದನ್ನು ಅಳಿಸಲು ಹೋದರು. ಅವಸರದಲ್ಲಿ ಒತ್ತಿದ್ದು ತಪ್ಪು ಜಾಗ. ಫೋಟೋ ನನ್ನೊಳಗಿಂದಷ್ಟೇ ಹೋಯಿತು, ಊರಿನ ಫೋನುಗಳಲ್ಲೆಲ್ಲ ಹಾಗೇ ಉಳಿಯಿತು. ನನ್ನ ಹಳೆಯ ಧಣಿ ತುಳಸೀಸಾ ಅದನ್ನು ತಮ್ಮ ಸೀರೆಗಳ ಗ್ರೂಪಿಗೂ ದಾಟಿಸಿದರಂತೆ. ಈ ಸಲ ನನ್ನ ಕಣ್ಣು ಸರಿ ಇಲ್ಲವೆಂದು ಯಾರೂ ಹೇಳಲಿಲ್ಲ.

ಮರುದಿನ ಹೆಡ್ಮಾಸ್ತರರು ಕೊರಳಿನ ಗುಂಡಿಯವರೆಗೂ ಅಂಗಿ ತೊಟ್ಟು ಲೈಬ್ರರಿಗೆ ಬಂದು ಬಾಗಿಲು ಮುಂದೆ ಮಾಡಿದರು.

"ಬೇಕಂತ ಮಾಡಿದ್ರಿ."

"ಇಲ್ರಿ ಸರ್. ನೀವು ಕಾಣಲಿಲ್ಲ."

"ಇಷ್ಟು ದೊಡ್ಡ ಮನಷ್ಯಾ ಕಾಣಲಿಲ್ಲೇನ್ರಿ?"

"ದಿನಾ ಅಲ್ಲೇ ಇರ್ತೀರಲ್ರಿ. ಬೆಂಚು ಕಂಡಂಗ ಕಂಡ್ರಿ."

ಅವರು ಆ ಬೆಂಚಿನ ತುದಿಗೇ ಕುಸಿದು ಕುಳಿತರು. ಸಿಟ್ಟೆಲ್ಲ ಇಳಿದು ಹೆದರಿಕೆಯೊಂದೇ ಉಳಿದಿತ್ತು. "ನಾಳೆ ಶಾಲಾ ಕಮಿಟಿ ಚೇರ್ಮನ್ನರು ವಿಚಾರಣಿಗೆ ಬರ್ತಾರ. ಸರ್‌ಗೆ ತಲಿ ತಿರುಗಿತ್ತು, ನಾನ ಮಲಗ್ರಿ ಅಂದೆ, ಅಂತ ನೀವು ಹೇಳಬೇಕು. ನನ್ನ ಮಾನ ನಿಮ್ಮ ಕೈಯಾಗೈತಿ."

ನೀಲಾಂಬಿಕಾ ಎರಡನೆಯ ಕಪಾಟಿನ ಕಡೆ ನೋಡಿದರು. ನಕ್ಷತ್ರದ ಪುಸ್ತಕ ಅಲ್ಲಿತ್ತು.

"ಹೇಳ್ತೀನ್ರಿ. ಕೀಲಿ ಕೊಡ್ರಿ."

"ಯಾ ಕೀಲಿ?"

"ಕಪಾಟಿನವು. ಎಲ್ಲಾ."

ಹೆಡ್ಮಾಸ್ತರರು ಅವರನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಆಮೇಲೆ ನನ್ನತ್ತ ಬೆರಳು ತೋರಿಸಿದರು. "ಕೊಡ್ತೀನಿ. ಆದ್ರ ಅದು ಒಳಗ ಹೋಗಬೇಕು. ಗ್ರೂಪು, ಫೋಟೋ, ಎಲ್ಲಾ ಬಂದ್. ಅದನ್ನಿಟ್ಟ ಕಪಾಟಿನ ಕೀಲಿ ಮಾತ್ರ ನನ್ನ ಹತ್ರ."

ನೀಲಾಂಬಿಕಾ ನನ್ನನ್ನು ನೋಡಿದರು. ಹೆಬ್ಬೆರಳು ನನ್ನ ಮೈಮೇಲೇ ಇತ್ತು. ಬೇಡ ಅನ್ನುತ್ತಾರೆ ಎಂದುಕೊಂಡೆ. ಅವರ ಬೆರಳಿಗೆ ಬುದ್ಧಿ ಕಲಿಸಿದವನು ನಾನು, ಅವರನ್ನು ಆ ಕೋಣೆಯಿಂದ ಆಚೆ ಕರೆದೊಯ್ದವನು ನಾನು.

"ಆತ್ರಿ," ಅಂದರು.

ಮಾರಿದರು ನನ್ನನ್ನು. ಬೇರೆ ಮಾತು ನನಗೆ ಬರುವುದಿಲ್ಲ.

ಚೇರ್ಮನ್ನರು ಬಂದರು. ನೀಲಾಂಬಿಕಾ ಕಣ್ಣು ಕೆಳಗಿಟ್ಟು, "ಸರ್‌ಗೆ ತಲಿ ತಿರುಗಿತ್ರಿ, ನಾನ ಮಲಗ್ರಿ ಅಂದೆ" ಎಂದು ಹೇಳಿದರು. ಸುಳ್ಳು ಅವರ ಬಾಯಿಗೆ ಹೊಸದು, ಕಿವಿ ಕೆಂಪಾದವು. ಚೇರ್ಮನ್ನರು ಸೀದಾ ಮನುಷ್ಯ, ನಂಬಿದರು. "ಶುಗರ್ ಇರಬೇಕ ನಿಮಗ. ಸಕ್ರಿ ಬಿಡ್ರಿ. ಇನ್ನ ತಲಿ ತಿರುಗಿದ್ರ ದವಾಖಾನಿಗೆ ಹೋಗ್ರಿ, ಲೈಬ್ರರಿಗೆ ಬ್ಯಾಡ" ಎಂದು ಎದ್ದರು. ಅಂದಿನಿಂದ ಹೆಡ್ಮಾಸ್ತರರಿಗೆ ಶಾಲೆಯಲ್ಲಿ ಸಕ್ಕರೆ ಹಾಕಿದ ಚಹಾ ಸಿಕ್ಕಿಲ್ಲ. ಯಾರಾದರೂ ಪೇಢೆ ಹಂಚಿದರೆ ಅವರನ್ನು ದಾಟಿ ಮುಂದೆ ಹೋಗುತ್ತಾರೆ. ಕೊಡಬೇಡಿ ಎಂದು ಹೇಳಿದವರೇ ಇಲ್ಲ, ಎಲ್ಲರೂ ಕಾಳಜಿ ಮಾಡುವವರು.

ಕೀಲಿಕೈ ಬಿಚ್ಚಿಕೊಡುವಾಗ ಗಂಟು ಬಿಡಲೇ ಇಲ್ಲ. ಹೆಡ್ಮಾಸ್ತರರು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಹೆಣಗಿದರು. ಕೊನೆಗೆ ನೀಲಾಂಬಿಕಾ ತಮ್ಮ ಚೀಲದಿಂದ ಹೂ ಕಟ್ಟುವ ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದು ಕೊಟ್ಟರು. ಉಡದಾರ ಉಳಿಯಿತು, ಕೀಲಿ ಕಟ್ಟಿದ ದಾರ ಹೋಯಿತು. ಲೈಬ್ರರಿಯ ಕೀಲಿಗಳಲ್ಲಿ ಒಂದನ್ನು ಮಾತ್ರ ಹೆಡ್ಮಾಸ್ತರರು ತೆಗೆದಿಟ್ಟುಕೊಂಡರು. ಅದು ನನ್ನದು.

ಎರಡನೆಯ ಕಪಾಟನ್ನೇ ನನಗೆ ಕೊಟ್ಟರು. ಅದರ ಪುಸ್ತಕಗಳೆಲ್ಲ ಹೊರಗೆ ಬಂದವು. ಅವು ಇದ್ದ ಜಾಗದಲ್ಲಿ, ಖಾಲಿ ಹಲಗೆಯ ಮೇಲೆ, ನಾನೊಬ್ಬನೇ. ಮೊದಲ ದಿನಗಳಲ್ಲಿ ಗ್ರೂಪಿನ ಮಾತುಗಳು ನನ್ನೊಳಗೆ ಬಂದು ಬೀಳುತ್ತಿದ್ದವು. "ಅಕ್ಕೋರ, ಇವತ್ತ ಫೋಟೋ ಇಲ್ಲೇನ್ರಿ?" ಯಾರೂ ತೆರೆದು ನೋಡಲಿಲ್ಲ. ಆಮೇಲೆ ನನ್ನ ಜೀವ ತುಸುತುಸುವೇ ಇಳಿದು ಆರಿಹೋಯಿತು. ಫೋಟೋ ತೆಗೆಯಲು ಕರೆಂಟು ಬೇಕು. ನೋಡಲು ಬೇಡ. ಆದ್ದರಿಂದ ನೋಡುತ್ತಲೇ ಇದ್ದೇನೆ.

ಈಗ ಮಧ್ಯಾಹ್ನ ಈ ಕೋಣೆಯಲ್ಲಿ ಗದ್ದಲ. ಆ ಬೆಂಚಿನ ಮೇಲೆ ಜಾಗ ಹಿಡಿಯಲು ಮಕ್ಕಳು ಕಚ್ಚಾಡುತ್ತಾರೆ. ಒಂದು ಪುಸ್ತಕ ಕಳೆದೂ ಹೋಯಿತು. ಆಕಾಶವೇನೂ ಬೀಳಲಿಲ್ಲ. ಹೆಣ್ಣುಮಕ್ಕಳು ನನ್ನ ಕಪ್ಪು ಮುಖದಲ್ಲಿ ತಮ್ಮ ಬೈತಲೆ ನೋಡಿಕೊಂಡು ಹೋಗುತ್ತಾರೆ. ಉಳಿದ ಕಪಾಟುಗಳ ಬಾಗಿಲುಗಳು ಸದಾ ತೆರೆದಿರುತ್ತವೆ. ಈ ಒಂದರ ಗಾಜನ್ನು ನೀಲಾಂಬಿಕಾ ದಿನಾ ತಮ್ಮ ಸೆರಗಿನಿಂದ ಒರೆಸುತ್ತಾರೆ. ಒರೆಸಿದ ಮೇಲೆ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿ ಹಿಡಿಯುತ್ತಾರೆ, ಒಂದು ಉಸಿರಿನಷ್ಟು ಹೊತ್ತು.

ಮೊನ್ನೆ ರೇಷ್ಮಾಬಿಯ ಮಗಳು ಶಬಾನಾ ನಕ್ಷತ್ರದ ಪುಸ್ತಕ ಬಗಲಲ್ಲಿಟ್ಟುಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕುಳಿತಳು. ಓದಿದ ಪುಟದ ಗುರುತಿಗೆ ಹಾಕಿದ್ದ ಕೆಂಪು ರೇಷ್ಮೆ ಎಳೆ ಪುಸ್ತಕದಿಂದ ಹೊರಗೆ ಇಣುಕುತ್ತಿತ್ತು.

"ಅಕ್ಕೋರ, ಎಲ್ಲಾ ತಗದೀರಿ, ಇದಕ್ಕ ಮಾತ್ರ ಯಾಕ ಕೀಲಿ?"

ನೀಲಾಂಬಿಕಾ ಅಂಟು ಹಚ್ಚುತ್ತಿದ್ದ ಪುಸ್ತಕವನ್ನು ಕೆಳಗಿಟ್ಟರು.

"ಅದು ನಮ್ಮೆಲ್ಲಾರ ಬದಲಿ ಒಳಗ ಕುಂತೈತಿ."

ಹುಡುಗಿಗೆ ತಿಳಿಯಲಿಲ್ಲ, ಎದ್ದು ಬೆಂಚಿಗೆ ಓಡಿದಳು. ನನಗೆ ತಿಳಿಯಿತು. ಆದರೂ ಸಿಟ್ಟು ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಅದೇ ಬೆಂಚು, ಅದೇ ಕಿಟಕಿಯ ಬಿಸಿಲು. ಮಲಗಿದವರಾರೂ ಇಲ್ಲ, ಬೆಂಚಿನ ತುಂಬ ಬಗ್ಗಿದ ತಲೆಗಳು. ನಾನು ತೆಗೆಯಬೇಕಿದ್ದ ಫೋಟೋ ಅದು. ನನ್ನ ಮುಂದೆಯೇ ಇದೆ, ತೆಗೆಯಲಾರೆ.