ಪಾರವ್ವ ನನ್ನೊಳಗೆ ಹೊಲದ ಮಣ್ಣು ತುಂಬಿದ ವರ್ಷ

ನಾನು ಒಂದು ಮಣ್ಣಿನ ಗಡಿಗೆ. ವರದಾ ನದಿ ದಂಡೆಯ ಕುಂಬಾರ ಶಾಂತವೀರಪ್ಪನ ತಿಗರಿಯ ಮೇಲೆ ಹುಟ್ಟಿ, ಆವಿಗೆಯಲ್ಲಿ ಬೆಂದು ಗಟ್ಟಿಯಾದೆ. ಸಂತೆಯಲ್ಲಿ ಪಾರವ್ವ ನನ್ನನ್ನು ಬೆರಳಿನಿಂದ ತಟ್ಟಿ ನೋಡಿ ಕೊಂಡಳು. ಕೆಲವು ಬೇಸಿಗೆ ಅವಳ ಮನೆಯವರಿಗೆ ನೀರು ತಂಪು ಮಾಡಿಕೊಟ್ಟೆ. ಒಮ್ಮೆ ಎಮ್ಮೆಯ ಕಾಲು ತಾಗಿ ಕಂಠ ಒಡೆಯಿತು. ಇನ್ನು ತಿಪ್ಪೆಯೇ ಗತಿ ಎಂದುಕೊಂಡೆ.

ಆ ವರ್ಷ ಪಾರವ್ವ ಮತ್ತು ಅವಳ ಗಂಡ ದ್ಯಾಮಣ್ಣ ಹಿಂಗಾರಿಗೆ ಬೇರೆಯವರ ಕಪ್ಪುಮಣ್ಣಿನ ಎರಿಹೊಲವೊಂದನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದಿದ್ದರು. ಮುಂಗಾರಿಗೆ ಅಲ್ಲಿ ಗೋವಿನಜೋಳ ಹಾಕಿದ್ದ ಹೊಲದವರು ಕಳೆನಾಶಕವನ್ನು ಬೇಕಾದ್ದಕ್ಕಿಂತ ಹೆಚ್ಚೇ ಹೊಡೆದಿದ್ದರು. ಆಮೇಲೆ ಮಳೆಯೂ ಅಷ್ಟಕ್ಕಷ್ಟೆ, ಔಷಧಿ ಕರಗದೆ ಮಣ್ಣಿನಲ್ಲೇ ಉಳಿದಿರಬಹುದಿತ್ತು. ಕಡಲೆ ಬಿತ್ತಬೇಕೆಂದು ದ್ಯಾಮಣ್ಣನ ಆಸೆ. ಪಾರವ್ವನಿಗೆ ಅಳುಕು. ತವರಿನಲ್ಲಿ ಅವಳ ಅಣ್ಣ ಇಂಥದ್ದೇ ಹೊಲದಲ್ಲಿ ಬಿತ್ತಿದ ಕಡಲೆ ಚೆನ್ನಾಗಿ ಹುಟ್ಟಿ, ಆಮೇಲೆ ಸುಟ್ಟುಹೋಗಿತ್ತು. ಆಗ ಕೃಷಿ ಕೇಂದ್ರದ ಮೇಡಂ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು.

ಗೋವಿನಜೋಳ ಇನ್ನೂ ನಿಂತಿರುವಾಗಲೇ ಪಾರವ್ವ ಹೊಲದ ಅಲ್ಲಲ್ಲಿಂದ ಮಣ್ಣು ತಂದು, ನನ್ನ ತಳಕ್ಕೆ ತೂತು ಮಾಡಿ ತುಂಬಿದಳು. ಔಷಧಿ ಬೀಳದ ಬದುವಿನ ಮಣ್ಣನ್ನು ಹಳೆಯ ಡಬ್ಬಿಗೆ ಹಾಕಿದಳು. ಎರಡರಲ್ಲೂ ಒಂದು ಮಗ್ಗುಲಿಗೆ ಕಡಲೆ, ಇನ್ನೊಂದು ಮಗ್ಗುಲಿಗೆ ಬಿಳಿಜೋಳ ಊರಿದಳು. ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು, ಕೂಸಿನ ಮುಖ ನೋಡುವಂತೆ ನೋಡುತ್ತಿದ್ದಳು.

ಡಬ್ಬಿಯಲ್ಲಿ ಎಲ್ಲವೂ ಹಸಿರಾಗಿ ಬೆಳೆದವು. ನನ್ನಲ್ಲಿ ಕಡಲೆಯ ಎಲೆಯಂಚು ಹಳದಿಯಾಯಿತು, ಕಂದಿತು, ಸಸಿಗಳು ಒಂದೊಂದಾಗಿ ತಲೆ ಬಾಗಿಸಿದವು. ನನ್ನ ಮಡಿಲಲ್ಲೇ ಹುಟ್ಟಿದವು, ನನ್ನ ಮಡಿಲ ಮಣ್ಣಿನಿಂದಲೇ ಸತ್ತವು. ಜೋಳಕ್ಕೆ ಮಾತ್ರ ಏನೂ ಆಗಲಿಲ್ಲ.

ಬಿತ್ತನೆಯ ಹೊತ್ತು ಬಂತು. ಸುತ್ತಲಿನವರು ಕೂರಿಗೆ ಹೂಡಿದ್ದರು. ಗಡಿಗೆ ನೋಡಿಕೊಂಡು ಬಿತ್ತುವವರುಂಟೇ ಎಂದು ಅವರು ನಕ್ಕದ್ದು ದ್ಯಾಮಣ್ಣನಿಗೆ ಚುಚ್ಚಿತ್ತು.

“ಹಸಿ ಆರತೈತಿ. ಕಡ್ಲಿ ಬಿತ್ತಿಬಿಡೂನು,” ಎಂದ.

ಪಾರವ್ವ ನನ್ನನ್ನು ಎತ್ತಿ ತಂದು ಅವನ ಮುಂದಿಟ್ಟಳು. “ಗಡಿಗ್ಯಾಗ ಸತ್ತದ್ದು ಹೊಲದಾಗ ಬದುಕ್ತೈತೇನ್ರಿ?”

ಅವನು ಒಣಗಿದ ಸಸಿಯೊಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡ. ಆಮೇಲೆ ಕಡಲೆ ಚೀಲದ ಬಾಯಿ ಕಟ್ಟಿ, “ಜ್ವಾಳದ ಬೀಜ ಎಲ್ಲಿಟ್ಟೀದಿ?” ಎಂದು ಕೇಳಿದ.

ಆ ಹಿಂಗಾರಿಗೆ ಅವರ ಜೋಳ ಆಳೆತ್ತರ ಬಂತು.

ಈಗ ನಾನು ಹಿತ್ತಲ ಗೋಡೆಯ ಬದಿಗೆ ಇದ್ದೇನೆ. ಮೈಯೆಲ್ಲ ಬಿರುಕು, ಸುತ್ತ ತಂತಿಯ ಕಟ್ಟು. ಬಿತ್ತನೆಗೆ ಮೊದಲು ಓಣಿಯ ಹೆಂಗಸರು ಸೆರಗಿನಲ್ಲಿ ತಂತಮ್ಮ ಹೊಲದ ಮಣ್ಣು ಕಟ್ಟಿಕೊಂಡು ಬಂದು, ನನ್ನೊಳಗೆ ತುಂಬಿ ಕಾಳು ಊರುತ್ತಾರೆ. ಯಾರ ಮಣ್ಣು ಬಂದರೂ ನನಗೆ ಮೊದಲು ಹೆದರಿಕೆ. ಎಲೆ ಹಸಿರಾಗಿಯೇ ಉಳಿದಾಗ ಅವರು ಪಾರವ್ವನ ಮುಖ ನೋಡುತ್ತಾರೆ. ಅವಳು ತಲೆಯಾಡಿಸುತ್ತಾಳೆ, ಅಷ್ಟೆ. ಅವರು ಬಿತ್ತನೆಗೆ ಬೀಜ ಹಸನು ಮಾಡಲು ಮನೆಗೆ ಓಡುತ್ತಾರೆ.