ನನ್ನ ಕೂಲರ್ ಬದಲಾದ ಕಥೆ

ನಾನು ಒಂದು ಗ್ರಾಫಿಕ್ಸ್ ಕಾರ್ಡ್. ಕಂಪ್ಯೂಟರಿನ ಪರದೆಯ ಮೇಲೆ ನೀವು ನೋಡುವ ಚಿತ್ರಗಳನ್ನೆಲ್ಲ ಬಿಡಿಸುವವನು ನಾನು. ಹೆಸರು ಮಾತ್ರ ಪರದೆಗೆ. ಅದನ್ನು ದಿನಾ ಒರೆಸುತ್ತಾರೆ, ಬಂದವರಿಗೆ ತೋರಿಸಿ ಹೊಗಳುತ್ತಾರೆ. ನನ್ನನ್ನು ಡಬ್ಬಿಯೊಳಗೆ ಸಿಕ್ಕಿಸಿ ಮರೆತುಬಿಡುತ್ತಾರೆ. ಇದನ್ನು ದೂರು ಅಂತ ಹೇಳುತ್ತಿಲ್ಲ. ಸ್ವಲ್ಪ ದೂರೇ ಅಂದುಕೊಂಡರೂ ಅಡ್ಡಿಯಿಲ್ಲ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಒಂದು ಕಪ್ಪು ಹಲಗೆ, ಅದರ ನಡುವೆ ಪುಟ್ಟದೊಂದು ಚಿಪ್. ಲೆಕ್ಕದ ಕೆಲಸವೆಲ್ಲ ಈ ಚಿಪ್ಪಿನದು. ಲೆಕ್ಕ ಮಾಡುತ್ತ ಅದು ಕಾಯುತ್ತದೆ, ಕೈ ಇಡಲಾಗದಷ್ಟು ಕಾಯುತ್ತದೆ. ಅದಕ್ಕೇ ಅದರ ಮೇಲೆ ಅಲ್ಯೂಮಿನಿಯಂ ತಗಡುಗಳ ಸಾಲು, ಆ ಸಾಲಿನ ಮೇಲೆ ಗಾಳಿ ಹಾಕಲು ಎರಡು ಫ್ಯಾನು, ಎಲ್ಲವನ್ನೂ ಮುಚ್ಚಲು ಒಂದು ಪ್ಲಾಸ್ಟಿಕ್ ಕವಚ ಕೂರಿಸಿದರು. ಈ ಇಡೀ ಸಂಸಾರಕ್ಕೆ ಕೂಲರ್ ಎನ್ನುತ್ತಾರೆ. ಕವಚದ ಅಂಚಿನಲ್ಲಿ ಒಂದು ಕೆಂಪು ದೀಪವೂ ಇತ್ತು. ಅದರಿಂದ ಯಾವ ಕೆಲಸವೂ ಆಗುತ್ತಿರಲಿಲ್ಲ. ಆದರೆ ನನಗೆ ಅದರದೇ ಜಂಬ.

ಮೊದಲು ನನ್ನನ್ನು ಕೊಂಡವನು ಮೈಸೂರಿನ ಕುಶಾಲ್ ಎಂಬ ಕಾಲೇಜು ಹುಡುಗ. ಅವನ ಮನೆಯಲ್ಲಿ ನಾನು ಯುದ್ಧಗಳನ್ನು ಬಿಡಿಸಿದೆ. ಬೆಂಕಿ, ಹೊಗೆ, ಉರುಳುವ ಗೋಡೆಗಳು. ಕಂಪ್ಯೂಟರ್ ಮೇಜಿನ ಕೆಳಗಿತ್ತು, ಅದರ ಒಂದು ಬದಿಗೆ ಗಾಜು. ಹಾಗಾಗಿ ಮನುಷ್ಯರನ್ನು ನಾನು ಮೊಣಕಾಲಿನಿಂದ ಕೆಳಕ್ಕೆ ಮಾತ್ರ ಬಲ್ಲೆ. ಕುಶಾಲನ ಕಾಲು ಸದಾ ಕುಣಿಯುತ್ತಿತ್ತು. ಪರೀಕ್ಷೆಯ ಫಲಿತಾಂಶ ಬಂದ ದಿನ ಅವನ ಪಕ್ಕದಲ್ಲಿ ಅಪ್ಪನ ಎರಡು ಕಾಲುಗಳು ಬಂದು ನಿಂತವು. ಆ ಕಾಲುಗಳು ಹೆಚ್ಚು ಮಾತಾಡಲಿಲ್ಲ. ಮರುವಾರ ನಾನು ಹಳೆ ಸಾಮಾನಿನ ಅಂಗಡಿಯಲ್ಲಿದ್ದೆ.

ಅಲ್ಲಿಂದ ನನ್ನನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗದಗಿಗೆ ತಂದವನು ಚನ್ನವೀರ. ಮದುವೆಗಳ ವಿಡಿಯೋ ತೆಗೆಯುವುದು ಅವನ ಉದ್ಯೋಗ. ತೆಗೆದ ವಿಡಿಯೋವನ್ನು ಕತ್ತರಿಸಿ, ಜೋಡಿಸಿ, ಹಾಡು ಕೂರಿಸುವ ಕೆಲಸಕ್ಕೆ ಅಲ್ಲಿ ಮಿಕ್ಸಿಂಗ್ ಅನ್ನುತ್ತಾರೆ. ಅದನ್ನು ಮಾಡುತ್ತಿದ್ದವಳು ಅವನ ಹೆಂಡತಿ ಸುಮಂಗಲಾ, ಮನೆಯ ಮುಂದಿನ ಖೋಲಿಯಲ್ಲಿ ಕೂತು, ತಾನೇ ನೋಡಿ ನೋಡಿ ಕಲಿತದ್ದು.

ಯುದ್ಧ ಬಿಡಿಸಿದವನಿಗೆ ಮದುವೆ ಯಾವ ಲೆಕ್ಕ ಅಂದುಕೊಂಡಿದ್ದೆ. ಆ ಸೊಕ್ಕು ಒಂದೇ ವಾರದಲ್ಲಿ ಇಳಿಯಿತು. ಅಕ್ಕಿಕಾಳು ಬೀಳುವಾಗ ಅದು ಮುತ್ತಿನಂತೆ ನಿಧಾನಕ್ಕೆ ಬೀಳಬೇಕು. ಮದುಮಗಳ ಮುಖ ದುಂಡಗೆ ಹೂವಿನೊಳಗಿಂದ ಅರಳಬೇಕು. ಅತ್ತೆ ಸಿಡುಕಿದ ಜಾಗದಲ್ಲಿ ಅವಳು ನಕ್ಕ ಜಾಗವನ್ನು ತಂದು ಹಚ್ಚಬೇಕು. ಈ ಕೊನೆಯದರಲ್ಲಿ ಸುಮಂಗಲಾಳ ಕೈ ಪಳಗಿತ್ತು. ಅವಳಿಂದಾಗಿ ಎಷ್ಟೋ ಬೀಗರು ಒಬ್ಬರಿಗೊಬ್ಬರು ಚಲೋ ಮಂದಿಯಾಗಿ ಉಳಿದಿದ್ದಾರೆ.

ಇಲ್ಲೂ ಗಾಜಿನ ಡಬ್ಬಿ ಮೇಜಿನ ಕೆಳಗೇ, ಹಾಗಾಗಿ ಅವಳನ್ನೂ ನಾನು ಕಾಲಿನಿಂದಲೇ ಬಲ್ಲೆ. ಬೆಳ್ಳಿಯ ಕಾಲುಂಗುರ, ಒಡೆದ ಹಿಮ್ಮಡಿ. ಕೆಲಸ ಚೆನ್ನಾಗಿ ಕೂಡಿಬಂದರೆ ಹಾಡಿನ ತಾಳಕ್ಕೆ ಹೆಬ್ಬೆರಳು ಆಡುತ್ತಿತ್ತು. ಅಡುಗೆಮನೆಯಿಂದ ಕರೆದರೆ ಆ ಕಾಲು ಕುರ್ಚಿ ಬಿಟ್ಟೇಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಮನೆಯಲ್ಲಿ ಅವಳದು ಅನ್ನುವ ಜಾಗ ಆ ಕುರ್ಚಿ ಒಂದೇ ಎಂದು ನನಗೆ ತಿಳಿಯಲು ತಡವಾಗಲಿಲ್ಲ.

ಈಗ ನನ್ನ ಕಾಯಿಲೆಯ ವಿಷಯ. ಅದು ಬಂದದ್ದು ಭಕ್ತಿಯಿಂದ. ಪ್ರತಿ ವರ್ಷ ದಸರೆಯಲ್ಲಿ ಖಂಡೇಪೂಜೆಯ ದಿನ ಚನ್ನವೀರ ಕ್ಯಾಮೆರಾ, ಸ್ಟ್ಯಾಂಡು, ಲೈಟುಗಳಿಗೆಲ್ಲ ಪೂಜೆ ಮಾಡುತ್ತಿದ್ದ. ಕಂಪ್ಯೂಟರಿಗೆ ಹೊರಗಿನಿಂದ ಕುಂಕುಮ ಹಚ್ಚಿದರೆ ಅವನಿಗೆ ಸಮಾಧಾನವಿಲ್ಲ. ದುಡಿಯುವುದು ಒಳಗಿನವರಲ್ಲವೇ? ಗಾಜು ತೆಗೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನನ್ನ ಎರಡೂ ಫ್ಯಾನುಗಳ ನಟ್ಟನಡುವೆ ಹಚ್ಚಿ, ಮೇಲೊಂದು ಚೆಂಡುಹೂ ಸಿಗಿಸುತ್ತಿದ್ದ. ನನಗಂತೂ ಆನಂದವಾಗುತ್ತಿತ್ತು. ಯಾರೋ ಒಬ್ಬರು ನೆನೆದರಲ್ಲ ಅಂತ. ಆ ಎಣ್ಣೆ ಮಾತ್ರ ಸುಮ್ಮನೆ ಕೂರಲಿಲ್ಲ. ಫ್ಯಾನಿನ ಅಚ್ಚಿಗೆ ಇಳಿದು, ಧೂಳು ಕೂಡಿಸಿಕೊಂಡು, ವರ್ಷದಿಂದ ವರ್ಷಕ್ಕೆ ಅಂಟಾಯಿತು. ಮೊದಲು ಗರಗರ ಸದ್ದು ಬಂತು, ಆಮೇಲೆ ಒಂದು ಫ್ಯಾನು ನಿಂತಿತು. ಒಂದು ವೈಶಾಖದಲ್ಲಿ, ಮದುವೆಗಳ ಹಂಗಾಮು ಜೋರಾಗಿರುವಾಗ, ಎರಡನೆಯದೂ ನಿಂತಿತು.

ಗದಗಿನ ಬಿಸಿಲು, ಮುಚ್ಚಿದ ಡಬ್ಬಿ, ತಿರುಗದ ಫ್ಯಾನು. ಕೆಲಸದ ಮಧ್ಯೆ ನಾನು ಮೂರ್ಛೆ ಹೋಗತೊಡಗಿದೆ. ಪರದೆ ಕಪ್ಪಾಗುವುದು, ಸುಮಂಗಲಾ ಮತ್ತೆ ಸ್ವಿಚ್ ಹಾಕುವುದು, ನಾನು ಮತ್ತೆ ಬೀಳುವುದು. ಗಾಜು ತೆಗೆದು ಟೇಬಲ್ ಫ್ಯಾನನ್ನೇ ನನ್ನೆದುರು ಇಟ್ಟು ನೋಡಿದಳು. ಅದರ ಗಾಳಿಯೂ ಬಿಸಿ.

ಬೆಟಗೇರಿಯ ಒಂದು ಮದುವೆಯ ವಿಡಿಯೋ ಅರ್ಧಕ್ಕೆ ನಿಂತಿತ್ತು. ಗಂಡಿನ ಕಡೆಯವರು ಭಾನುವಾರ ಗೃಹಪ್ರವೇಶದಲ್ಲಿ ಅದನ್ನು ನೆಂಟರಿಗೆಲ್ಲ ತೋರಿಸುವವರಿದ್ದರು. ಹೊಸ ಕಾರ್ಡ್ ತರುವ ಮಾತೇ ಇರಲಿಲ್ಲ, ಆ ವರ್ಷ ಹೊಸ ಕ್ಯಾಮೆರಾ ಬಂದಾಗಿತ್ತು. ಚನ್ನವೀರನ ಚಪ್ಪಲಿ ಖೋಲಿಯ ಬಾಗಿಲಲ್ಲಿ ನಿಂತಿತು.

"ಹುಬ್ಬಳ್ಯಾಗ ಮಿಕ್ಸಿಂಗ್ ಮಾಡವ್ರು ಅದಾರ. ಇನ್ನ ಮುಂದ ಎಲ್ಲಾ ಅವ್ರಿಗೇ ಕಳಿಸೂಣು. ಈ ಖೋಲ್ಯಾಗ ನಮ್ಮ ತಮ್ಮನ ಡೆಕೋರೇಷನ್ ಸಾಮಾನ ಇಡಾಕ ಬರ್ತೈತಿ. ನಿನಗೂ ತ್ರಾಸ ತಪ್ಪತೈತಿ."

"ತ್ರಾಸ ಅಂತ ನಾ ಯಾವಾಗರ ಅಂದೀನ್ರಿ?"

ಕೆಟ್ಟವನಲ್ಲ ಅವನು. ಅವಳ ಭಾರ ಇಳಿಸುತ್ತಿದ್ದೇನೆ ಅಂತಲೇ ತಿಳಿದಿದ್ದ.

"ಶನಿವಾರದ ಮಟ ನೋಡೂಣ್ರಿ," ಅಂದಳು ಅವಳು. "ಅಷ್ಟರಾಗ ಆಗಲಿಲ್ಲಂದ್ರ ಹುಬ್ಬಳ್ಳಿಗೆ ಕಳಿಸ್ರಿ. ನಾ ಏನೂ ಅನ್ನೂದಿಲ್ಲ."

ಹಾಗೆ ನನ್ನ ಫ್ಯಾನಿನ ಜೊತೆ ಅವಳ ಕುರ್ಚಿಯೂ ಪಣಕ್ಕೆ ಬಿತ್ತು. ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಅವಳು ನನ್ನನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ದಾವಲಸಾಬನ ಅಂಗಡಿಗೆ ಹೋದಳು. ಅವನು ನನ್ನನ್ನು ಅತ್ತಿತ್ತ ತಿರುಗಿಸಿದ.

"ಇದರ ಕಥಿ ಮುಗೀತ್ರಿ ಅಕ್ಕಾರ. ಈ ಕೂಲರ್ ಈಗ ಎಲ್ಲೂ ಸಿಗೂದಿಲ್ಲ."

"ಚಿಪ್ ಚಲೋ ಐತಿಲ್ರಿ?"

"ಚಿಪ್ ಚಲೋ ಐತ್ರಿ."

"ಮತ್ತ, ಗಾಳಿ ಯಾವ ಫ್ಯಾನಿಂದ ಬಂದ್ರ ಅದಕ್ಕೇನ್ರಿ?"

ದಾವಲಸಾಬ ತಲೆ ಕೆರೆದುಕೊಂಡು ನಕ್ಕ. ಕಂಪ್ಯೂಟರ್ ಡಬ್ಬಿಗೆ ಹಾಕುವ ಎರಡು ದೊಡ್ಡ ಫ್ಯಾನುಗಳನ್ನು ಹುಡುಕಿ ಕೊಟ್ಟ. ಚಿಪ್ಪಿಗೂ ತಗಡಿಗೂ ನಡುವೆ ಹಚ್ಚುವ ಪೇಸ್ಟಿನ ಟ್ಯೂಬನ್ನೂ ಕೊಟ್ಟ. "ಕಡ್ಲಿಕಾಳಿನಷ್ಟ ಸಾಕ್ರಿ. ಚಟ್ನಿ ಹಚ್ಚಿದಂಗ ಹಚ್ಚಬ್ಯಾಡ್ರಿ," ಅಂದ.

ಮಧ್ಯಾಹ್ನ ಊಟವಾದ ಮೇಲೆ ಅವಳು ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ ನನ್ನನ್ನು ಮಲಗಿಸಿದಳು. ಆಗಲೇ ನಾನು ಅವಳ ಮುಖವನ್ನು ಮೊದಲ ಸಲ ಹತ್ತಿರದಿಂದ ನೋಡಿದ್ದು. ಎಷ್ಟು ಮದುಮಕ್ಕಳ ಮುಖ ಬಿಡಿಸಿದ್ದೆನೋ, ಇವಳದು ಒಂದು ಚೌಕಟ್ಟಿನಲ್ಲೂ ಬಂದಿರಲಿಲ್ಲ. ಮೂಗಿನ ತುದಿಯಲ್ಲಿ ಬೆವರು, ಹಲ್ಲಿನ ನಡುವೆ ಒಂದು ಸ್ಕ್ರೂ. ನನಗೆ ಆ ಮುಖ ಬಹಳ ಹಿಡಿಸಿತು.

ಹೊಲಿಗೆ ಮಷಿನ್ನಿನ ಸ್ಕ್ರೂಡ್ರೈವರಿನಿಂದ ತಿರುಪುಗಳನ್ನು ಬಿಚ್ಚಿದಳು. ತಗಡಿನ ಸಾಲು ಮಾತ್ರ ಮೇಲೇಳಲಿಲ್ಲ. ಹಳೆಯ ಪೇಸ್ಟು ಒಣಗಿ ಗಾರೆಯಾಗಿತ್ತು. ಜೋರಾಗಿ ಎಳೆದಿದ್ದರೆ ಚಿಪ್ಪೂ ಕಿತ್ತು ಬರುತ್ತಿತ್ತು, ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಎಳೆಯಲಿಲ್ಲ. ಕೂದಲು ಒಣಗಿಸುವ ಡ್ರೈಯರ್ ತಂದು ಬಿಸಿ ಗಾಳಿ ಹಿಡಿದಳು. ಕಾದು ಕಾದು ಸಾಯುತ್ತಿದ್ದವನಿಗೆ ಮತ್ತೂ ಬಿಸಿಯೇ? ಇದೆಂಥ ಔಷಧ ಅನ್ನಿಸಿತು. ಆದರೆ ಪೇಸ್ಟು ಮೆತ್ತಗಾಯಿತು. ಆಚೆ ಈಚೆ ಸ್ವಲ್ಪ ಸ್ವಲ್ಪವೇ ಅಲುಗಿಸಿ ತಗಡನ್ನು ಬಿಡಿಸಿದಳು.

ಸತ್ತ ಫ್ಯಾನನ್ನು ಕಿತ್ತು ನೋಡಿದರೆ ಅಚ್ಚಿನ ಸುತ್ತ ಕೆಂಪು ಅಂಟು. ಮೂಸಿ ನೋಡಿ ಗಂಡನನ್ನು ಕರೆದಳು.

"ಇಲ್ನೋಡ್ರಿ, ನಿಮ್ಮ ಭಕ್ತಿ."

"ದೇವರಿಗಂತ ಹಚ್ಚಿದ್ದು ಅದು. ಅದಕ್ಕ ಕೆಡ್ತೈತೇನು?"

"ದೇವರು ಕೆಟ್ಟಿಲ್ರಿ. ಫ್ಯಾನ್ ಅಷ್ಟ ಕೆಟ್ಟೈತಿ."

ಅವನು ಬಂದಷ್ಟೇ ಮೆಲ್ಲಗೆ ಹೊರಗೆ ಹೋದ.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅವಳು ನನ್ನ ಚಿಪ್ಪನ್ನು ಒರೆಸಿದಳು. ತಗಡುಗಳ ಸಂದಿಯಿಂದ ಒಣಗಿದ ಹೂವಿನ ಎಸಳುಗಳನ್ನು ಹೊರತೆಗೆದಳು. ಹೊಸ ಪೇಸ್ಟಿಟ್ಟು ತಗಡನ್ನು ಮತ್ತೆ ಕೂರಿಸಿದಳು. ಕವಚ, ಕೆಂಪು ದೀಪ, ಹಳೆ ಫ್ಯಾನುಗಳು ಮೂಲೆಗೆ ಹೋದವು. ಅವುಗಳ ಜಾಗಕ್ಕೆ ಆ ದೊಡ್ಡ ಫ್ಯಾನುಗಳನ್ನಿಟ್ಟು ಪ್ಲಾಸ್ಟಿಕ್ ಟೈಗಳಿಂದ ಬಿಗಿದಳು. ಅವುಗಳ ವೈರು ನನ್ನ ಪುಟ್ಟ ಸಾಕೆಟ್ಟಿಗೆ ಕೂಡಲಿಲ್ಲ, ಹಾಗಾಗಿ ನನ್ನನ್ನು ಡಬ್ಬಿಗೆ ಮರಳಿ ಕೂರಿಸಿ, ಅಲ್ಲಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೆ ಸಿಕ್ಕಿಸಿದಳು. ಗಾಜಿನಲ್ಲಿ ನನ್ನ ಪ್ರತಿಬಿಂಬ ಕಂಡಿತು. ಸಂತೆಗೆ ಹೊರಟ ಗಂಟಿನಂತೆ ಇದ್ದೆ. ಅಳು ಬರುವುದೊಂದು ಬಾಕಿ.

ಸ್ವಿಚ್ ಹಾಕಿದರೆ ಫ್ಯಾನು ತಿರುಗಿದವು, ಆದರೂ ಕಾವು ಏರತೊಡಗಿತು. ಅವಳು ಊದುಬತ್ತಿ ಹಚ್ಚಿ ಹತ್ತಿರ ಹಿಡಿದಳು. ಒಂದು ಫ್ಯಾನು ಹೊಗೆಯನ್ನು ನನ್ನ ಕಡೆ ತಳ್ಳುತ್ತಿತ್ತು, ಇನ್ನೊಂದು ನನ್ನಿಂದ ಆಚೆಗೆ ಎಳೆಯುತ್ತಿತ್ತು. ತಿರುವುಮುರುವಾಗಿ ಕಟ್ಟಿದ್ದಳು. ಟೈ ಕತ್ತರಿಸಿ ಅದನ್ನು ಮಗುಚಿ ಕಟ್ಟಿದ ಮೇಲೆ ತಂಪು ಗಾಳಿ ಸೀದಾ ತಗಡಿನೊಳಗೆ ನುಗ್ಗಿತು. ಆ ಸುಖವನ್ನು ಹೇಳಲು ನನಗೆ ಬರುವುದಿಲ್ಲ. ಚಂದ ಹೋದದ್ದು ಆ ಕ್ಷಣಕ್ಕೆ ಮರೆತುಹೋಯಿತು.

ಬೆಟಗೇರಿಯ ಮದುವೆಯನ್ನು ಅವಳು ಮುಗಿಸಿದಳು. ಶನಿವಾರ ಬೆಳಿಗ್ಗೆ ಇಡೀ ವಿಡಿಯೋವನ್ನು ಒಂದು ಫೈಲಾಗಿ ಬಿಡಿಸಲು ನನಗೆ ಕೊಟ್ಟಳು. ದೀರ್ಘ ಕೆಲಸ ಅದು, ಪ್ರತಿ ಚಿತ್ರವನ್ನೂ ಮೊದಲಿನಿಂದ ಬಿಡಿಸಬೇಕು. ಒಮ್ಮೆಯೂ ಬೀಳದೆ ಮುಗಿಸಿದೆ. ಮಧ್ಯಾಹ್ನ ಚನ್ನವೀರ ಪೆನ್‌ಡ್ರೈವ್ ಹಿಡಿದು ಬಂದು, ಕೊನೆಯವರೆಗೂ ಓಡಿಸಿ ನೋಡಿದ. ಕೊನೆಯಲ್ಲಿ ಎಂದಿನಂತೆ "ಛಾಯಾಗ್ರಹಣ: ಚನ್ನವೀರ" ಎಂದು ದೊಡ್ಡ ಬಂಗಾರದ ಅಕ್ಷರ ಬಂತು. ಅದರ ಕೆಳಗೆ, ಹಿಂದೆ ಎಂದೂ ಇಲ್ಲದ ಒಂದು ಸಣ್ಣ ಸಾಲು ಬಂತು: "ಮಿಕ್ಸಿಂಗ್: ಸುಮಂಗಲಾ."

ಅವನು ವಿಡಿಯೋವನ್ನು ಹಿಂದಕ್ಕೆ ಓಡಿಸಿ ಆ ಸಾಲನ್ನು ಮತ್ತೊಮ್ಮೆ ನೋಡಿದ.

"ಅಕ್ಷರ ಭಾಳ ಸಣ್ಣು ಆದ್ವು," ಅಂದ. "ಮುಂದಿನ ವಿಡಿಯೋದಾಗ ನನ್ನ ಹೆಸರಿನಷ್ಟ ಮಾಡು."

"ಮುಂದಿಂದ್ರಾಗ ಯಾಕ್ರಿ? ಸಂಜಿ ಮಟ ಹೊತ್ತೈತಿ."

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಅವನು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಕಾಯುತ್ತ ಕೂತ.

ಈಗ ಆ ಖೋಲಿಯಲ್ಲಿ ಹೊಸ ಕಾರ್ಡ್ ಇದೆ. ಕುರ್ಚಿಯಲ್ಲಿ ಅವಳೇ ಇದ್ದಾಳೆ. ನಾನು ಶೆಲ್ಫಿನ ಮೇಲಿದ್ದೇನೆ, ಟೈ ಬಿಗಿದ ಫ್ಯಾನುಗಳ ಸಮೇತ, ನೋಡಿದವರು ನಗುವಂತೆ. ಇಲ್ಲಿಂದ ಮನುಷ್ಯರ ತಲೆ ಕಾಣುತ್ತದೆ, ಅದೊಂದು ಲಾಭ. ಮಾಡಿದ ಕೆಲಸಗಳಲ್ಲಿ ಯಾವುದು ದೊಡ್ಡದು ಎಂದು ಯಾರಾದರೂ ಕೇಳಿದರೆ ಯುದ್ಧಗಳ ಹೆಸರು ಹೇಳುವುದಿಲ್ಲ. ಆ ಶನಿವಾರ ಬೆಟಗೇರಿಯ ಮದುವೆಯನ್ನು ಅರಿಶಿನದಿಂದ ಹಿಡಿದು ಬೀಳ್ಕೊಡುಗೆಯವರೆಗೆ ಇನ್ನೊಮ್ಮೆ ಪೂರ್ತಿ ಬಿಡಿಸಿದೆ, ಕೊನೆಯ ಒಂದು ಹೆಸರು ದೊಡ್ಡದಾಗಲಿ ಎಂದು.